ಗಾಳಿ ಕುಡಿದ ಎಣ್ಣೆ

ಹನ್ನೊಂದು ವರ್ಷ ಬಾಟಲಿಗಳು ಲ್ಯಾಬಿನಿಂದ ಮನೆಗೆ ಬರುತ್ತಿದ್ದವು. ಇವತ್ತು ಮೊದಲ ಸಲ ಒಂದು ಬಾಟಲಿ ಮನೆಯಿಂದ ಲ್ಯಾಬಿಗೆ ಹೊರಟಿತ್ತು. ಅವಳು ಅದನ್ನು ಹಳೇ ಟವೆಲ್ಲಿನಲ್ಲಿ ಎರಡು ಸುತ್ತು ಸುತ್ತಿ, ಊಟದ ಡಬ್ಬಿಯ ಪಕ್ಕ ನೆಟ್ಟಗೆ ನಿಲ್ಲಿಸಿ, ಬ್ಯಾಗನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಮಲಗಿದ ಕೂಸನ್ನು ಹಿಡಿದವರು ಹೀಗೆ ಕೂರುತ್ತಾರೆ ಎಂದು ಪಕ್ಕದ ಸೀಟಿನ ಹೆಂಗಸಿಗೆ ಅನ್ನಿಸಿತೋ ಏನೋ, ಸ್ವಲ್ಪ ಸರಿದು ಜಾಗ ಬಿಟ್ಟಳು. ಆ ಮರ್ಯಾದೆ ಇವಳನ್ನು ಚುಚ್ಚಿತು. ಬಸ್ಸು ಕುಲುಕಿದಾಗಲೆಲ್ಲ ಒಳಗೆ ಎಣ್ಣೆ ಒಂದು ಸಲ ಓಲಾಡಿ ಸುಮ್ಮನಾಗುವುದು ಬೆರಳಿಗೆ ತಿಳಿಯುತ್ತಿತ್ತು. ಎಣ್ಣೆಗೆ ನೀರಿನ ಆತುರ ಇಲ್ಲ. ತಡವಾಗಿ ಏಳುತ್ತದೆ, ತಡವಾಗಿ ಕೂರುತ್ತದೆ. ಬಾಟಲಿಯ ಮೇಲಿನ ಚೀಟಿ ಅವಳಿಗೆ ನೋಡದೆಯೂ ಗೊತ್ತು: ಒಂದು ನಂಬರು, ಒಂದು ತಾರೀಕು, ಅದರ ಕೆಳಗೆ ಅವಳದೇ ಕೈಬರಹದಲ್ಲಿ ‘ಯೋಗ್ಯ’ ಎಂಬ ಒಂದು ಪದ, ಅದರ ಕೆಳಗೆ ಅವಳ ಸಹಿ. ಇಪ್ಪತ್ತಾರು ವರ್ಷಗಳಲ್ಲಿ ಆ ಪದವನ್ನು ಎಷ್ಟು ಸಾವಿರ ಸಲ ಬರೆದಿದ್ದಳೋ. ಬರೆಯುವಾಗ ಪ್ರತಿ ಸಲವೂ ಯಾರೋ ಬೆನ್ನು ತಟ್ಟಿದ ಹಾಗೆ ಆಗುತ್ತಿತ್ತು. ಎಣ್ಣೆಗೆ ಸಿಕ್ಕ ಮೆಚ್ಚುಗೆಯಲ್ಲಿ ತನಗೂ ಒಂದು ಪಾಲು ಇದ್ದ ಹಾಗೆ.

ಅಡುಗೆ ಎಣ್ಣೆ ಕೆಟ್ಟಿದೆಯೇ ಇಲ್ಲವೇ ಎಂದು ಪರೀಕ್ಷೆ ಮಾಡಿ ಹೇಳುವ ಲ್ಯಾಬು ಅದು. ಬಂದ ಪ್ರತಿ ಮಾದರಿಯಲ್ಲೂ ಅರ್ಧ ಪರೀಕ್ಷೆಗೆ ಹೋಗುತ್ತದೆ, ಉಳಿದರ್ಧ ಮುದ್ರೆ ಹಾಕಿಸಿಕೊಂಡು ಉಗ್ರಾಣದ ಕಪಾಟಿನಲ್ಲಿ ಒಂದು ವರ್ಷ ಕೂರುತ್ತದೆ, ನಾಳೆ ಯಾರಾದರೂ ತಕರಾರು ತೆಗೆದರೆ ಇರಲಿ ಎಂದು. ವರ್ಷ ತುಂಬಿದ ಮೇಲೆ ಯಾರಿಗೂ ಬೇಡ. ಚೆಲ್ಲಬೇಕು ಅಂತ ನಿಯಮ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಉಗ್ರಾಣ ನೋಡಿಕೊಳ್ಳುವವರು ಹತ್ತಿಪ್ಪತ್ತು ಬಾಟಲಿಗಳನ್ನು ಒಂದೊಂದಾಗಿ ತೆರೆದು ಡ್ರಮ್ಮಿಗೆ ಸುರಿಯುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಬಿಸಿಲಲ್ಲಿ ಬಂಗಾರದ ದಾರದ ಹಾಗೆ ಇಳಿಯುತ್ತಿತ್ತು. ಅಯ್ಯೋ ಅನ್ನಿಸಿತು. ತಿನ್ನುವ ವಸ್ತುವನ್ನು ಚೆಲ್ಲಬಾರದು ಎಂದು ಅಕ್ಕ ಸಣ್ಣವಳಿದ್ದಾಗಿನಿಂದ ಕಿವಿ ಹಿಂಡಿ ಕಲಿಸಿದ್ದಳು. ಮನೆಗೆ ಒಯ್ಯಲೇ ಎಂದು ಅವತ್ತು ಕೇಳಿಯೇ ಬಿಟ್ಟಳು, ಆದರೆ ಎಲ್ಲ ಬಾಟಲಿಗಳನ್ನಲ್ಲ. ತಾನೇ ಪರೀಕ್ಷೆ ಮಾಡಿ, ತಾನೇ ಯೋಗ್ಯ ಎಂದು ಬರೆದವನ್ನು ಮಾತ್ರ. ಆ ಎಚ್ಚರಿಕೆಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಈಗ ಬಸ್ಸಿನಲ್ಲಿ ಕೂತು ನೆನೆಸಿಕೊಂಡರೆ ಮುಖ ಬಿಸಿಯಾಗುವುದು ಆ ಹೆಮ್ಮೆಗೇ. ಚೀಟಿಯ ಮೇಲೆ ತಾರೀಕೂ ಇತ್ತಲ್ಲ? ಅದು ಒಂದು ವರ್ಷದ ಹಿಂದಿನ ಎಣ್ಣೆಗೆ ಹಾಕಿದ ಸಹಿ. ಬೇರೆ ಯಾರಾದರೂ ಇಂಥ ತಪ್ಪು ಮಾಡಿದ್ದರೆ ಇವಳೇ ನಕ್ಕು, “ಹೋದ ವರ್ಷ ಜ್ವರ ಇರ್ಲಿಲ್ಲ ಅಂತ ಈ ವರ್ಷ ಮಾತ್ರೆ ಬೇಡ ಅಂದ ಹಾಗಾಯ್ತು” ಎನ್ನುತ್ತಿದ್ದಳು.

“ಬನ್ನಿ ಬನ್ನಿ, ಹನಿಯಮ್ಮ,” ಎಂದರು ಉಗ್ರಾಣದವರು, ಮೆಟ್ಟಿಲ ಹತ್ತಿರವೇ. ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೆ; ಪರೀಕ್ಷೆಯ ಕೊಳವೆಯಿಂದ ಒಂದೇ ಒಂದು ಹನಿ ಹೆಚ್ಚು ಬೀಳಿಸಿದ್ದನ್ನು ಯಾರೂ ಕಂಡವರಿಲ್ಲ. “ಇವತ್ತು ಮೂರು ಬಾಟ್ಲಿಗೆ ವರ್ಷ ತುಂಬ್ತು. ಮೂರಕ್ಕೂ ನಿಮ್ಮದೇ ಸಹಿ. ಎತ್ತಿಟ್ಟಿದೀನಿ.”

“ಬೇಡ ಇವತ್ತು.”

“ಯಾಕೆ, ಅಕ್ಕಾವ್ರಿಗೆ ಕರಿದದ್ದು ಕೊಡಬಾರ್ದು ಅಂದ್ರಾ ಡಾಕ್ಟ್ರು? ಹೋಗ್ಲಿ ಬಿಡಿ, ನಾನೇ ಒಯ್ತೀನಿ. ನಮ್ಮನೆ ಬಾಗಿಲುಗಳಿಗೆಲ್ಲ ನಿಮ್ಮ ಯೋಗ್ಯ ಎಣ್ಣೇನೇ. ಒಂದು ಕೀಚ್ ಅನ್ನಲ್ಲ ನೋಡಿ. ನಾನು ಎಷ್ಟೊತ್ತಿಗೆ ಒಳಗೆ ಬಂದೆ ಅಂತ ಹೆಂಡ್ತಿಗೇ ಗೊತ್ತಾಗಲ್ಲ.”

ಅವರು ನಕ್ಕರು. ಅವಳೂ ನಕ್ಕಳು. ಬಾಗಿಲಿಗೆ! ಇಷ್ಟು ವರ್ಷ ಈ ಮನುಷ್ಯ ಬಾಗಿಲಿನ ತಿರುಗಣಿಗೆ ಹಾಕುತ್ತಿದ್ದದ್ದನ್ನು ತಾನು ಅಕ್ಕನ ಒಲೆಯ ಮುಂದೆ ಇಟ್ಟಿದ್ದೆ. ಬ್ಯಾಗನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು. ಮೂರು ವಾರದ ಹಿಂದೆ ಆಸ್ಪತ್ರೆಯ ಮೆಟ್ಟಿಲನ್ನೂ ಹೀಗೇ, ಬ್ಯಾಗನ್ನು ಎದೆಗೊತ್ತಿ ಹತ್ತಿದ್ದಳು. ಅಕ್ಕನ ದೊಡ್ಡ ಕರುಳಿನಿಂದ ಒಂದು ಗೇಣು ತೆಗೆದಿದ್ದರು. ಕ್ಯಾನ್ಸರ್ ಎಂಬ ಮಾತನ್ನು ಡಾಕ್ಟರಮ್ಮ ತುಂಬ ಮೆತ್ತಗೆ, ನೆಲದ ಮೇಲೆ ಗಾಜಿನ ಲೋಟ ಇಡುವ ಹಾಗೆ ಇಟ್ಟಿದ್ದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಒಂದು ಹಾಳೆ ಮುಂದಿಟ್ಟುಕೊಂಡು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದಳು. ಮನೆತನದಲ್ಲಿ ಯಾರಿಗಾದರೂ ಇತ್ತಾ. ಹೊಗೆಸೊಪ್ಪು ಇದೆಯಾ. “ಎಣ್ಣೆ? ಹಳೇ ಎಣ್ಣೆ, ಕಾಯಿಸಿದ್ದನ್ನೇ ಮತ್ತೆ ಮತ್ತೆ ಕಾಯಿಸೋದು, ಹಾಗೇನಾದ್ರೂ?” “ಇಲ್ಲ,” ಎಂದಿದ್ದಳು ಇವಳು, ಯೋಚಿಸದೆ. “ನೀವೇನು ಕೆಲಸ ಮಾಡೋದು?” “ಎಣ್ಣೆ ಪರೀಕ್ಷೆ.” ಡಾಕ್ಟರಮ್ಮ ತಲೆಯೆತ್ತಿ ಬಾಯ್ತುಂಬ ನಕ್ಕಿದ್ದಳು. “ಅಯ್ಯೋ, ಹಾಗಾದ್ರೆ ನಿಮ್ಮನ್ನ ಕೇಳೋದೇ ತಪ್ಪು ಬಿಡಿ!” ಎಂದು ಆ ಪ್ರಶ್ನೆಯ ಮುಂದೆ ಒಂದು ಗೆರೆ ಎಳೆದಿದ್ದಳು. ಆ ಗೆರೆ ಎಳೆದ ಸದ್ದು, ಪೆನ್ನು ಕಾಗದದ ಮೇಲೆ ಸರ್ರೆಂದ ಸದ್ದು, ಅಂದಿನಿಂದ ಅವಳು ಎಲ್ಲೇ ಸುಮ್ಮನೆ ಕೂತರೂ ಕೇಳುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೆಳಗಿಳಿಯುವವರೆಗೆ ಕಾದಳು. ಆಮೇಲೆ ಟವೆಲ್ಲು ಬಿಚ್ಚಿದಳು. ಕಿಟಕಿಯ ಬೆಳಕಿನಲ್ಲಿ ಎಣ್ಣೆ ಕಂಡದ್ದು ಕೆಂಪುಗಟ್ಟಿದ ಜೇನಿನ ಬಣ್ಣದಲ್ಲಿ, ತಳದಲ್ಲಿ ಕಪ್ಪು ಚೂರು. ನಿನ್ನೆ ಅಕ್ಕ ಮಲಗಿದ್ದಾಗ ಅಡುಗೆಮನೆಯ ಕಪಾಟಿನ ಹಿಂಬದಿಯಿಂದ ಇದನ್ನು ತೆಗೆದಿದ್ದಳು. ಮುಂದೆ ಅಂಗಡಿಯಿಂದ ತಂದ ಹೊಸ ಎಣ್ಣೆಯ ಡಬ್ಬಿಯೊಂದು ಇತ್ತು. ಲ್ಯಾಬಿನದು ಮುಗಿದಾಗ ಇರಲಿ ಎಂದು ಅಕ್ಕ ತರಿಸಿಟ್ಟದ್ದಿರಬೇಕು. ಎಣ್ಣೆಯನ್ನು ತೂಗಿದಳು. ಶಂಕುವಿನಾಕಾರದ ಗಾಜಿನ ಪಾತ್ರೆಗೆ ಹಾಕಿದಳು. ದ್ರಾವಣಗಳನ್ನು ಸೇರಿಸಿ, ಒಂದು ನಿಮಿಷ ಕತ್ತಲೆಯ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದಳು. ಈ ಒಂದು ನಿಮಿಷವನ್ನು ಅವಳು ಯಾವತ್ತೂ ಗಡಿಯಾರ ನೋಡಿ ಎಣಿಸಿದ್ದಿಲ್ಲ. ಚಿಕ್ಕವಳಿದ್ದಾಗ ಅಕ್ಕ ಪಾತ್ರೆ ತಿಕ್ಕುತ್ತ, ಕಾಳು ಆರಿಸುತ್ತ ಬಾಯಿಪಾಠದ ಪದ್ಯಗಳನ್ನು ಹೇಳಿಕೊಳ್ಳುತ್ತಿದ್ದಳು. ಇವಳು ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಅವ್ವನ ಮುಖ ಇವಳಿಗೆ ನೆನಪಿಲ್ಲ, ಆ ದನಿ ಮಾತ್ರ ನೆನಪಿದೆ. ಅರ್ಥ ಒಂದೂ ಆಗುತ್ತಿರಲಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಪಾದ ಮುಗಿದು ದನಿ ಕೆಳಗಿಳಿಯುತ್ತದೆ ಎಂಬುದು ಮೈಗೆ ಹತ್ತಿಬಿಟ್ಟಿತ್ತು. ಅಂಥ ನಾಲ್ಕು ಪದ್ಯ ಮನಸ್ಸಿನಲ್ಲೇ ಹೇಳಿಕೊಂಡರೆ ಸರಿಯಾಗಿ ಒಂದು ನಿಮಿಷ. ಹನಿ ಬಿಡುವುದೂ ಹಾಗೆಯೇ. ಪಾದದ ಕೊನೆಯಲ್ಲಿ ಒಂದು ಹನಿ. ನೋಡಿದವರು ಕೈಚಳಕ ಎನ್ನುತ್ತಾರೆ. ಅದು ಕಿವಿಯ ಕೆಲಸ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಕಪಾಟಿನಿಂದ ತೆಗೆದಾಗ ಹಳದಿ. ಪಿಷ್ಟದ ನೀರು ಹಾಕಿದ ಕೂಡಲೇ ಮಸಿಯಂಥ ನೀಲಿ. ಇಷ್ಟು ವರ್ಷವಾದರೂ ಈ ನೀಲಿ ಹುಟ್ಟುವ ಕ್ಷಣಕ್ಕೆ ಅವಳ ಮೈ ಜುಮ್ಮೆನ್ನುತ್ತಿತ್ತು. ಎಣ್ಣೆ ಎಷ್ಟು ಗಾಳಿ ಕುಡಿದಿದೆಯೋ ಅಷ್ಟೂ ನೀಲಿಯಾಗಿ ಎದ್ದು ಬಂದು ನಿಲ್ಲುತ್ತದೆ. ಅದನ್ನು ಅಳಿಸಲು ಕೊಳವೆಯಿಂದ ಎಷ್ಟು ಹನಿ ಬೇಕೋ ಅಷ್ಟು ಕೆಟ್ಟಿದೆ ಎಂದು ಲೆಕ್ಕ. ಒಂದು ಹನಿ. ಪಾತ್ರೆಯನ್ನು ತಿರುಗಿಸಿದಳು. ಇನ್ನೊಂದು. ದೇವರೇ, ಎಂದಳು, ಬೇಗ ಹೋಗಲಿ. ಕೆಲಸದ ಮೇಜಿನ ಮುಂದೆ ದೇವರನ್ನು ಕರೆದದ್ದು ಇದೇ ಮೊದಲು. ಕರೆದದ್ದಕ್ಕೆ ನಾಚಿಕೆಯೂ ಆಯಿತು, ತನಗೆ ಬೇಕಾದ ಉತ್ತರ ಬರೆದುಕೊಡು ಎಂದು ಪರೀಕ್ಷಕರ ಕೈ ಹಿಡಿದ ಹಾಗೆ. ನೀಲಿ ತೆಳುವಾಯಿತು, ಬೆಳಗಿನ ಬಾನಿನ ಹಾಗಾಯಿತು, ಮುಂದಿನ ಹನಿಗೆ ಇಲ್ಲವೇ ಇಲ್ಲ. ಅಂಕ ಲೆಕ್ಕ ಹಾಕಿದಳು. ನಾಲ್ಕು. ಮತ್ತೆ ಹಾಕಿದಳು. ನಾಲ್ಕೇ. ಹತ್ತು ದಾಟಿದರೆ ತಾನೇ ಕೆಟ್ಟದ್ದು? ನಾಲ್ಕು ಎಂದರೆ ಯೋಗ್ಯ. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬಂತು. ಕಿಟಕಿಯಾಚೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಚೈನು ಸರಿಮಾಡಿಕೊಳ್ಳುತ್ತಿದ್ದ. ಹೋಗಿ ಅವನಿಗೆ ಸಹಾಯ ಮಾಡಬೇಕು ಅನ್ನುವಷ್ಟು ಪ್ರೀತಿ ಉಕ್ಕಿತು.

“ಇದೇನ್ರೀ ಇದು, ಯಾರು ಕಳಿಸಿದ್ದು?” ಲ್ಯಾಬಿನ ಮುಖ್ಯಸ್ಥರು ಯಾವಾಗ ಬಂದು ನಿಂತಿದ್ದರೋ. ಯಾವುದನ್ನೇ ಕೇಳಿದರೂ ಬುಡದಿಂದ ಶುರುಮಾಡಿ ವಿವರಿಸುತ್ತಾರೆಂದು ಅವರಿಗೆ ಮೇಷ್ಟ್ರು ಎಂದು ಹೆಸರು. ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದವರು ತಟ್ಟನೆ ಮುಖ ತಿರುಗಿಸಿದರು. “ಅಬ್ಬಬ್ಬಾ! ಹಳೇ ಪೇಂಟಿನ ಡಬ್ಬಿ. ನಿಮಗೆ ವಾಸನೆ ಬರ್ತಿಲ್ವಾ?”

“ಶೀತ ಆಗಿದೆ ಸಾರ್.”

ಅವಳಿಗೆ ಶೀತವಿರಲಿಲ್ಲ. ಈ ದ್ರಾವಣಗಳ ಆವಿಯಲ್ಲಿ ಮೂಗು ಹೋಗಿ ಯಾವ ಕಾಲವಾಗಿತ್ತೋ. ಒಂದೇ ಸಲ ಹೋಗಿದ್ದರೆ ಗೊತ್ತಾಗುತ್ತಿತ್ತು. ಮೊದಲು ಹೂವು ಹೋಯಿತು, ಆಮೇಲೆ ಸೋಪು, ಆಮೇಲೆ ಹಾಲು ಸೀದದ್ದು. ಯಾರಿಗೂ ಹೇಳಿರಲಿಲ್ಲ. ಎಣ್ಣೆ ಪರೀಕ್ಷೆ ಮಾಡುವವಳಿಗೆ ಮೂಗಿಲ್ಲ ಎಂದರೆ ಜನ ಬಿಡುತ್ತಾರೆಯೇ?

“ಚೀಟಿ ನಮ್ಮದೇ. ಆದ್ರೆ ಹೋದ ವರ್ಷದ ನಂಬರು,” ಎಂದರು ಮೇಷ್ಟ್ರು.

“ಮನೇಲಿತ್ತು ಸಾರ್.” ಅಷ್ಟು ಹೇಳಿದ ಮೇಲೆ ಮಿಕ್ಕದ್ದನ್ನು ತಡೆಯಲು ಆಗಲಿಲ್ಲ. ಹನ್ನೊಂದು ವರ್ಷ ಎಂದಳು. ಅಕ್ಕ ಎಂದಳು. ಕರುಳು ಎಂದಳು. ನಿಯಮ ಮುರಿದದ್ದಕ್ಕೆ ಅವರು ಬಯ್ಯಲಿ ಎಂದು ಬಯಸಿದಳು, ಬಯ್ಗುಳಕ್ಕಾದರೆ ಒಂದು ಅಳತೆ ಇರುತ್ತದೆ. ಅವರು ಬಯ್ಯಲಿಲ್ಲ. “ಅಂಕ ಎಷ್ಟು ಬಂತು?” ಎಂದರು.

“ನಾಲ್ಕು.” ದನಿಯಲ್ಲಿ ಇನ್ನೂ ಸ್ವಲ್ಪ ಸಂತೋಷ ಉಳಿದಿತ್ತು.

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಳದ ಕಪ್ಪು ಚೂರನ್ನು ನೋಡಿದರು. ಆಗ ಅವಳಿಗೆ ಹೊಳೆಯಿತು. ಹೊಸದಾಗಿ ಸೇರುವವರಿಗೆಲ್ಲ ಅವಳೇ ಹೇಳಿಕೊಡುವ ಮಾತು ಅದು: ಎಣ್ಣೆ ಗಾಳಿ ಕುಡಿಯುತ್ತ ಹೋದ ಹಾಗೆ ಈ ಅಂಕ ಏರುತ್ತದೆ, ಏರಿ ಏರಿ ಒಂದು ದಿನ ಇಳಿಯತೊಡಗುತ್ತದೆ. ವಾಸಿಯಾಗಿ ಇಳಿಯುವುದಲ್ಲ ಅದು. ಕುಡಿದ ಗಾಳಿಯೆಲ್ಲ ಒಡೆದು ಬೇರೆ ಏನೇನೋ ಆಗಿ, ಈ ಪರೀಕ್ಷೆಯ ಕಣ್ಣಿಗೆ ಬೀಳದ ಕಡೆ ಹೋಗಿ ಕೂತಿರುತ್ತದೆ. ಬಹಳ ಕೆಟ್ಟ ಎಣ್ಣೆ ಮತ್ತೆ ಒಳ್ಳೆಯದರ ಹಾಗೆ ಕಾಣುತ್ತದೆ. ಇದನ್ನು ತಾನು ಮರೆತದ್ದಾದರೂ ಹೇಗೆ? ಇಷ್ಟು ಹೊತ್ತು, ನಾಲ್ಕು ನಿಮಿಷವೋ ಐದು ನಿಮಿಷವೋ, ತನಗೆ ಗೊತ್ತಿದ್ದದ್ದೆಲ್ಲ ತನ್ನ ಆಸೆಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಿತ್ತು. “ಎರಡನೇ ಪರೀಕ್ಷೆ ಮಾಡ್ತೀನಿ ಸಾರ್,” ಎಂದಳು. ಮೊದಲನೆಯದು ಆಗುತ್ತಿರುವುದನ್ನು ಹೇಳುತ್ತದೆ, ಎರಡನೆಯದು ಆಗಿಹೋದದ್ದನ್ನು. ಮೇಷ್ಟ್ರು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. ಊಟಕ್ಕೆ ಹೋಗಲಿಲ್ಲ. ಗಾಜಿನ ನಳಿಗೆಯಲ್ಲಿ ಬಣ್ಣ ಮೂಡಬೇಕಾದದ್ದು ಹತ್ತು ನಿಮಿಷಕ್ಕೆ. ಎರಡೇ ನಿಮಿಷಕ್ಕೆ ಹಳದಿ ಏರತೊಡಗಿತು, ಗಟ್ಟಿ ಹಳದಿ, ಮಾಗಿದ ಹಣ್ಣಿನ ಸಿಪ್ಪೆಯ ಹಳದಿ. ಯಂತ್ರದಲ್ಲಿಟ್ಟು ಅಂಕ ಓದುವುದೂ ಬೇಕಿರಲಿಲ್ಲ. ಓದಿದಳು. ಬರೆದಳು. ಅಕ್ಷರ ಎಂದಿನಷ್ಟೇ ದುಂಡಗಿತ್ತು. ಅದೇ ಅವಳಿಗೆ ಅಸಹ್ಯವೆನಿಸಿತು.

“ಸಾರ್, ಇದರಿಂದಲೇ ಬಂತಾ?”

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಈ ಸಲ ಬುಡದಿಂದ ಶುರುಮಾಡಲಿಲ್ಲ. “ನೋಡಿ, ಸುಳ್ಳು ಹೇಳಲ್ಲ. ಕೆಟ್ಟ ಎಣ್ಣೇಲಿ ಇರೋ ಕೆಲವು ವಸ್ತು ನಮ್ಮ ಜೀವಕೋಶದ ಒಳಗೆ ಹೋಗಿ, ಅದರ ಬರಹ ಇದೆಯಲ್ಲ, ಡಿಎನ್‌ಎ, ಅದಕ್ಕೇ ಅಂಟಿಕೊಳ್ತವೆ ಅಂತ ತೋರಿಸಿದಾರೆ. ಇಲಿಗಳಿಗೆ ತಿನ್ನಿಸಿ ನೋಡಿದಾರೆ, ಕೆಲವು ಸಲ ಹೌದು ಅಂದಿದೆ. ಮನುಷ್ಯರ ವಿಷಯಕ್ಕೆ ಬಂದ್ರೆ ಗೋಜಲು. ಸಂಶಯ ಅನ್ನಬಹುದು. ಸಾಕ್ಷಿ ಅನ್ನೋಕಾಗಲ್ಲ. ಅದರಲ್ಲೂ ಒಬ್ಬರ ಮೈಯಲ್ಲಿ ಬಂದದ್ದಕ್ಕೆ ಇದೇ ಕಾರಣ ಅಂತ ಬೆರಳು ಮಾಡಿ ತೋರಿಸೋನು ಇನ್ನೂ ಹುಟ್ಟಿಲ್ಲ.” ಆಮೇಲೆ, ಹೇಳಲೋ ಬೇಡವೋ ಎಂಬಂತೆ, “ಇನ್ನೊಂದು ಗೊತ್ತಾ? ಆ ವಸ್ತುಗಳು ಎಣ್ಣೆ ತಿಂದ್ರೇನೇ ಬರಬೇಕು ಅಂತೇನಿಲ್ಲ. ನಮ್ಮ ಮೈಯಲ್ಲೇ ದಿನಾ ಹುಟ್ತಾವೆ. ನಾವು ಉಸಿರಾಡ್ತೀವಲ್ಲ, ಒಳಗೆ ಕೊಬ್ಬಿದೆಯಲ್ಲ, ಅಷ್ಟು ಸಾಕು. ರಿಪೇರಿ ಮಾಡೋರೂ ಒಳಗೇ ಇದಾರೆ, ಹಗಲೂ ರಾತ್ರಿ. ಎಲ್ಲೋ ಒಂದು ಕಡೆ ಅವರ ಕಣ್ಣು ತಪ್ಪುತ್ತೆ.” ಅವರು ಎದ್ದು ಅವಳ ಕೈಯಿಂದ ಬಾಟಲಿ ತೆಗೆದುಕೊಂಡರು. “ಇನ್ಮೇಲೆ ಉಗ್ರಾಣದಿಂದ ಒಂದು ತೊಟ್ಟೂ ಹೊರಗೆ ಹೋಗಕೂಡದು. ಬಾಗಿಲಿಗೂ ಬೇಡ. ಇವತ್ತು ಮನೆಗೆ ಹೋಗಿ, ಹನಿಯಮ್ಮ. ಮೂಗು ತೋರಿಸ್ಕೊಳಿ.” ಎಂದರೆ ಅವರಿಗೆ ಗೊತ್ತಿತ್ತು. ಎಷ್ಟು ದಿನದಿಂದ? ಎಲ್ಲರಿಗೂ ಗೊತ್ತಿತ್ತೇ?

ಬಸ್ಸಿಗೆ ಕಾಯದೆ ನಡೆದಳು. ಮೂರು ಗಂಟೆಯ ಬಿಸಿಲು. ಒಂದು ಗೇಟಿಗೆ ತುಕ್ಕು ಹಿಡಿದಿತ್ತು, ನಿಂತು ನೋಡಿದಳು. ಅಲ್ಲೂ ಅದೇ ಗಾಳಿ. ಹಣ್ಣಿನ ಅಂಗಡಿಯಲ್ಲಿ ಕತ್ತರಿಸಿಟ್ಟ ಸೇಬು ಕಂದುಬಣ್ಣಕ್ಕೆ ತಿರುಗಿತ್ತು, ಅಲ್ಲೂ. ಇಸ್ತ್ರಿ ಅಂಗಡಿಯವನ ಕೆಂಡದ ಪೆಟ್ಟಿಗೆಯಲ್ಲಿ ಅದೇ ಗಾಳಿ ಕೆಂಪಗೆ ಉರಿಯುತ್ತಿತ್ತು. ಅದು ಎದೆಯೊಳಕ್ಕೆ ಬಂದು ಹೋಗಿ ಮಾಡುತ್ತಿರುವುದರಿಂದ ತಾನು ಈ ಬೀದಿಯಲ್ಲಿ ನಡೆಯುತ್ತಿದ್ದೇನೆ. ಇಷ್ಟು ವರ್ಷ ಅವಳು ಅದನ್ನು ಕಳ್ಳನನ್ನು ಹಿಡಿಯುವ ಹಾಗೆ ಗಾಜಿನ ಪಾತ್ರೆಯಲ್ಲಿ ಹಿಡಿಯುತ್ತಿದ್ದಳು, ಇಷ್ಟು ಬಂದಿದೆ, ಇಷ್ಟು ಕದ್ದಿದೆ ಎಂದು. ಮನೆಯ ಯಜಮಾನನನ್ನೇ ಹಿಡಿದು ಕಳ್ಳ ಎಂದಿದ್ದಳೇ? ಈ ಯೋಚನೆಗೆ ಹೆದರಿಕೆಯಾಗಬೇಕಿತ್ತು. ಆದದ್ದು ಹೆದರಿಕೆಯೇ, ಆದರೆ ದೇವರ ಮುಂದೆ ತೆರೆ ಸರಿಯುವಾಗ ಆಗುತ್ತದಲ್ಲ, ಆ ಜಾತಿಯದು. ಅದರ ಹಿಂದೆಯೇ ಮತ್ತೆ ಸಣ್ಣ, ಹೊಲಸಾದ ಯೋಚನೆ: ಅಕ್ಕನಿಗೆ ಹೇಳದಿದ್ದರೆ? ಸಾಕ್ಷಿಯಿಲ್ಲ ಎಂದರಲ್ಲ. ಕಾಯಿಲೆ ಮಲಗಿದವಳ ಎದೆಯ ಮೇಲೆ ಇನ್ನೊಂದು ಕಲ್ಲು ಯಾಕೆ? ತನಗಾಗಿ ಆಡಿಕೊಳ್ಳುತ್ತಿರುವ ಮಾತನ್ನು ಅಕ್ಕನಿಗಾಗಿ ಎಂಬಂತೆ ಎಷ್ಟು ನಯವಾಗಿ ಜೋಡಿಸುತ್ತಿದ್ದೇನೆ ಎಂದು ತನಗೇ ಕಂಡು, ಬಾಗಿಲಿನ ಹತ್ತಿರ ಚಪ್ಪಲಿ ಬಿಡುವಾಗಲೇ ಹೇಳಿಬಿಡಬೇಕು, ಒಳಗೆ ಹೋದರೆ ಆಗುವುದಿಲ್ಲ ಎಂದು ನಿಶ್ಚಯಿಸಿದಳು.

“ಯಾಕೆ ಗುಬ್ಬಿ, ಇಷ್ಟು ಬೇಗ?” ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಮೂರು ವಾರದಲ್ಲಿ ಅರ್ಧವಾಗಿದ್ದಳು. ಕಣ್ಣು ಮಾತ್ರ ಹಾಗೇ ಇತ್ತು, ಕಳ್ಳತನ ಹಿಡಿಯುವ ಕಣ್ಣು. “ಮುಖ ಯಾಕೆ ಹಂಗಾಗಿದೆ? ಕೆಲಸದಿಂದ ಓಡಿಸಿದ್ರಾ?”

“ಓಡಿಸಬೇಕಿತ್ತು.” ಚಪ್ಪಲಿ ಒಂದು ಕಾಲಲ್ಲೇ ಇತ್ತು. “ಅಕ್ಕಾ, ನಾನು ತರ್ತಿದ್ದ ಎಣ್ಣೆ ಕೆಟ್ಟಿತ್ತು. ಎಲ್ಲಾ ಬಾಟ್ಲೀನೂ ಕೆಟ್ಟಿರಬಹುದು. ಹನ್ನೊಂದು ವರ್ಷದ್ದೂ. ಇವತ್ತು ಪರೀಕ್ಷೆ ಮಾಡಿದೆ. ನಿನ್ನ ಹೊಟ್ಟೇಲಿ ಬಂದದ್ದು ಅದರಿಂದ್ಲೇ ಇರಬಹುದು. ಇಲ್ದೇನೂ ಇರಬಹುದು. ಯಾರಿಗೂ ಗೊತ್ತಿಲ್ಲವಂತೆ.”

ಅಕ್ಕ ಇವಳ ಕಾಲಿನ ಕಡೆ ನೋಡಿದಳು. “ಮೊದಲು ಆ ಇನ್ನೊಂದು ಚಪ್ಪಲಿ ಬಿಡು,” ಎಂದಳು. ಬಿಟ್ಟಾಯಿತು. “ಕೆಟ್ಟಿದೆ ಅನ್ನೋದು ನನಗೆ ಗೊತ್ತಿತ್ತು.”

“ಏನು?”

“ವಾಸನೆ ಬರ್ತಿತ್ತಲ್ಲೇ. ಮೊದಲನೇ ವರ್ಷದಿಂದ್ಲೇ. ಕೆಲವು ಬಾಟ್ಲಿ ಪರವಾಗಿಲ್ಲ, ಕೆಲವು ಬಿಸಿಗಿಟ್ರೆ ಸಾಕು, ಗೋಡೆಗೆ ಬಣ್ಣ ಬಳಿದ ಹಾಗೆ. ನಿನಗೆ ಗೊತ್ತಾಗ್ತಿರಲಿಲ್ಲ. ಮೂಗು ಹೋಗಿದೆ ನಿನಗೆ. ಹೇಳ್ಕೊಂಡಿಲ್ಲ ನೀನು, ನಾನೂ ಕೇಳ್ಲಿಲ್ಲ.”

“ಗೊತ್ತಿದ್ದೂ ನಾವು ಅದನ್ನೇ...”

“ನಾವು ಅಂತ ಯಾಕಂತಿ? ನಿನಗೆ ಯಾವತ್ತು ಹಾಕಿದೀನಿ ಅದನ್ನ?” ಅಕ್ಕನಿಗೆ ಸಿಟ್ಟೇ ಬಂತು. “ನಿನಗೆ ಬೇರೆ. ಮುಂದೆ ಇರೋ ಡಬ್ಬಿ ಯಾವುದು ಮತ್ತೆ? ನಿನ್ನ ಪಲ್ಯ, ನಿನ್ನ ಮೊಟ್ಟೆ, ಎಲ್ಲಾ ಹೊಸದ್ರಲ್ಲೇ. ನೀನು ಉಂಡು ಹೋದ ಮೇಲೆ ನನ್ನದು ನಾನು ಮಾಡ್ಕೋತಿದ್ದೆ. ಉಳಿದದ್ದನ್ನ ಸೋಸಿ ಅದಕ್ಕೇ ಹುಯ್ತಿದ್ದೆ. ತಿನ್ನೋ ವಸ್ತು, ಚೆಲ್ಲೋಕೆ ಬರ್ತದಾ? ಅದೂ ನೀನು ಅಷ್ಟು ದೂರದಿಂದ ಹೊತ್ತು ತಂದಿದ್ದು.”

ಅವಳು ಗೋಡೆ ಹಿಡಿದಳು. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಎರಡು ಬಾಣಲೆ. ನೀನು ಮೊದಲು ಉಣ್ಣು, ನಿನಗೆ ಹೊತ್ತಾಗುತ್ತೆ ಎಂದು ದಿನವೂ ಎಬ್ಬಿಸಿ ಕೂರಿಸಿದ್ದು, ನೀನೂ ಬಾ ಎಂದರೆ ಒಲೆಯ ಹತ್ತಿರ ಏನೋ ಕೆಲಸ ಹುಡುಕಿದ್ದು, ಕೈ ತೊಳೆಯುವಾಗ ಹಿಂದಿನಿಂದ ಮತ್ತೆ ಚುರ್ ಎಂಬ ಸದ್ದು. ಆ ಸದ್ದು ಕೇಳಿಸಿತ್ತು. ಕಿವಿ ಇತ್ತಲ್ಲ! ಕೇಳಿಯೂ, ಅಕ್ಕನಿಗೆ ಬಿಸಿಬಿಸಿ ತಿನ್ನುವ ಚಪಲ ಎಂದು ಒಳಗೇ ನಕ್ಕಿದ್ದಳು. ಮೊದಲು ಬಂದದ್ದು ಕೋಪ. “ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ? ತರಬೇಡ ಅಂದಿದ್ರೆ ಬಿಡ್ತಿದ್ದೆ! ಈಗ ನಾನೇನು ಮಾಡಲಿ? ಹೇಳು, ಏನು ಮಾಡಲಿ ನಾನು?” ಕೂಗಿದಳು. ಅಕ್ಕನ ಮೇಲೆ ಹುಟ್ಟಿದಾಗಿನಿಂದ ದನಿ ಎತ್ತಿದವಳಲ್ಲ.

ಅಕ್ಕ ಬಯ್ಯಲಿಲ್ಲ. “ಮೊದಲನೇ ಬಾಟ್ಲಿ ತಂದ ದಿನ ನಿನ್ನ ಮುಖ ನೀನು ನೋಡ್ಕೊಂಡಿಲ್ಲ,” ಎಂದಳು. “ನಾನೇ ಪಾಸು ಮಾಡಿದ್ದು ಅಕ್ಕಾ, ನನ್ನ ಸಹಿ ನೋಡು ಅಂತ ಚೀಟಿ ತೋರಿಸ್ತಿದ್ದೆ. ಹೆಂಗೆ ಹೇಳ್ಲಿ? ಆಮೇಲೆ ರೂಢಿ ಆಯ್ತು. ತಪ್ಪೇ ಅನ್ನು. ನನ್ನದೂ ಒಂದು ಪಾಲು ಇರ್ಲಿ ಅದರಲ್ಲಿ, ಎಲ್ಲಾ ನೀನೇ ಹೊತ್ಕೊಂಡು ಓಡ್ಬೇಡ. ಸಣ್ಣವಳಿದ್ದಾಗಲೂ ಹಂಗೇ ನೀನು, ಪಾತ್ರೆ ನಾನು ಬೀಳಿಸಿದ್ರೂ ಅಳೋಳು ನೀನು.” ನಗಲು ಹೋಗಿ ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡಳು. ನೋವು ಇಳಿದ ಮೇಲೆ ಇವಳು ದಿಂಬು ಸರಿಮಾಡಿದಳು. “ನಾಳೆ ಡಾಕ್ಟರಮ್ಮಂಗೆ ಹೇಳ್ತೀನಿ,” ಎಂದಳು ಇವಳು. “ಅವತ್ತು ಸುಳ್ಳು ಹೇಳಿದ್ದೆ ಅಂತ.” “ಹೇಳು. ಬರ್ಕೊಳ್ಲಿ. ಇನ್ಯಾರಿಗಾದ್ರೂ ಉಪಯೋಗಕ್ಕೆ ಬಂದೀತು.” ಆಮೇಲೆ, ಕಣ್ಣು ಮುಚ್ಚಿಕೊಂಡೇ, “ಅಲ್ಲ ಗುಬ್ಬಿ, ಮುಚ್ಚಳ ಹಾಕಿ ಮುದ್ರೆ ಒತ್ತಿಟ್ಟದ್ದು ಸುಮ್ಮನೆ ಕೂತಲ್ಲೇ ಹೆಂಗೆ ಕೆಡ್ತದೆ? ಇಷ್ಟು ವರ್ಷ ಪರೀಕ್ಷೆ ಮಾಡ್ತೀಯ, ಒಂದು ದಿನವೂ ಹೇಳ್ಲಿಲ್ಲ ನನಗೆ.”

ಅವಳು ಹಾಸಿಗೆಯ ಅಂಚಿಗೆ ಕೂತು ಹೇಳಿದಳು. ಬಾಟಲಿಯ ಕತ್ತಿನಲ್ಲಿ ಉಳಿದ ಒಂದಿಷ್ಟು ಗಾಳಿ ಸಾಕು ಎಂದಳು. ಅದು ಎಣ್ಣೆಯ ಒಂದು ಕಣವನ್ನು ಮುಟ್ಟುತ್ತದೆ, ಆ ಕಣ ಕೆರಳಿ ಪಕ್ಕದ್ದನ್ನು ಮುಟ್ಟುತ್ತದೆ, ಅದು ಇನ್ನೊಂದನ್ನು, ಬೆಂಕಿ ಹತ್ತಿದ ಹಾಗೆಯೇ, ಆದರೆ ಬೆಳಕಿಲ್ಲ, ಸದ್ದಿಲ್ಲ, ವರ್ಷ ಹಿಡಿಯುತ್ತದೆ. ಕಬ್ಬಿಣದಲ್ಲಿ ತುಕ್ಕಾಗುವುದೂ ಅದೇ. ಒಲೆಯಲ್ಲಿ ಉರಿಯುವುದೂ ಅದೇ. ಮೇಷ್ಟ್ರು ಹೇಳಿದ್ದನ್ನೂ ಹೇಳಿದಳು: ನಮ್ಮೊಳಗೂ ಅದು ಪ್ರತಿ ಉಸಿರಿಗೂ ನಡೆಯುತ್ತದೆ, ಕೆಡುವುದೂ ನಡೆಯುತ್ತದೆ, ಸರಿಮಾಡುವುದೂ ನಡೆಯುತ್ತದೆ. ಅಕ್ಕ ಪದ್ಯ ಕೇಳುವವರ ಹಾಗೆ ತಲೆ ಸ್ವಲ್ಪ ವಾಲಿಸಿ ಕೇಳುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ತಾನು ಹೇಳುವವಳು, ಅಕ್ಕ ಕೇಳುವವಳು.

“ಅಂದ್ರೆ ಬದುಕಿಸ್ತಿರೋದೇ ಸವೆಸ್ತಾನೂ ಇದೆ,” ಎಂದಳು ಅಕ್ಕ. ದೂರುವ ದನಿಯಾಗಿರಲಿಲ್ಲ ಅದು. “ಎಂಥಾ ಕೆಲಸ ಆ ದೇವರದು! ಎರಡಕ್ಕೂ ಒಂದೇ ಕೈ.” ಕಿಟಕಿಯ ಕಡೆ ನೋಡಿದಳು, ಅಲ್ಲಿ ಪರದೆ ಸಣ್ಣಗೆ ಅಲುಗುತ್ತಿತ್ತು. “ಭಯ ಆಗ್ತದೆ ಗುಬ್ಬಿ. ಇಲ್ಲ ಅನ್ನಲ್ಲ. ಎಬ್ಬಿಸು ನನ್ನ. ದಿನಕ್ಕೆ ನಾಲ್ಕು ಸಲ ನಡೀಬೇಕು ಅಂದಿದಾರೆ, ಇವತ್ತು ಎರಡೇ ಆಗಿದೆ.”

ಅವಳು ಬಗ್ಗಿದಳು. ಅಕ್ಕ ತೋಳನ್ನು ಇವಳ ಕತ್ತಿಗೆ ಹಾಕಿ, ಹಲ್ಲು ಕಚ್ಚಿ ಎದ್ದಳು. ಹಗುರವಾಗಿದ್ದಳು, ಒಣಗಿದ ಬಟ್ಟೆಯನ್ನು ದಾರದಿಂದ ತೆಗೆದ ಹಾಗೆ. ಆದರೆ ಕೈ ಬಿಸಿಯಿತ್ತು. ಜ್ವರದ ಬಿಸಿಯಲ್ಲ, ಬದುಕಿರುವವರ ಕೈಯಲ್ಲಿ ಇರುವಷ್ಟೇ ಬಿಸಿ. ಈ ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು: ಉಂಡ ಎಣ್ಣೆ, ಕುಡಿದ ಗಾಳಿ, ಒಳಗೆಲ್ಲೋ ಅವೆರಡೂ ಸೇರಿ ಬೆಳಕಿಲ್ಲದೆ, ಸದ್ದಿಲ್ಲದೆ, ಮೈ ಸುಡದ ಹದದಲ್ಲಿ ಉರಿಯುವುದು. ಮೂವತ್ತು ವರ್ಷ ಗೊತ್ತಿದ್ದದ್ದು ಈಗ ಅಂಗೈಯೊಳಗೆ ಬಂದು ಕೂತಿತ್ತು. ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. ಆ ಉರಿ ನಿನ್ನೆಯಿಂದ ಆರದೆ ಇವತ್ತಿಗೆ ಬಂದಿದೆ, ಈ ಕ್ಷಣದಿಂದ ಮುಂದಿನ ಕ್ಷಣಕ್ಕೆ ದಾಟುತ್ತಿದೆ, ದಾಟುತ್ತಿರುವುದು ಯಾರ ಸಹಿಯೂ ಇಲ್ಲದೆ.

“ಹಿಸುಕಬೇಡ್ವೇ, ನೋಯ್ತದೆ,” ಎಂದಳು ಅಕ್ಕ.

ಅವಳು ಹಿಡಿತ ಸಡಿಲಿಸಿದಳು, ಬಿಡಲಿಲ್ಲ. ಇಬ್ಬರೂ ಗೋಡೆಯ ಗುಂಟ ಬಾಗಿಲ ಕಡೆ ಹೊರಟರು, ಒಂದೊಂದೇ ಹೆಜ್ಜೆ.